ಹೇಳುವವರು ಯಾರು, ಹೇಳುವುದು ಯಾವಾಗ: ದಾಂಪತ್ಯದ ಪ್ರಶ್ನೋತ್ತರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಗುರುತು ಸಿಗದಂತೆ ಹೆಸರುಗಳನ್ನು ತೆಗೆದಿದ್ದೇವೆ. ಉತ್ತರಿಸಿದವರು ಕುಟುಂಬ ಸಮಾಲೋಚನೆ ಬಲ್ಲವರು.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ರೇಲ್ವೆ ನೌಕರ, ಪಾಳಿ ಕೆಲಸ. ಹೆಂಡತಿ ಧಾರವಾಡದಲ್ಲಿ ಶಿಕ್ಷಕಿ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಜಗಳ ಅಂತ ಏನೂ ಇಲ್ಲ. ಆದರೆ ನಮ್ಮ ಮಾತೆಲ್ಲ ಸಿಲಿಂಡರ್, ಫೀ, ಹಾಲಿನವನ ಲೆಕ್ಕ ಇಷ್ಟೇ. ಮೊದಲಿನಂತೆ ಮಾತಾಡೋದು ಹೇಗೆ? (ಕೇಶ್ವಾಪುರ)

ಮನೆ ನಡೆಸುವ ಮಾತು ಮತ್ತು ಗಂಡ-ಹೆಂಡಿರ ಮಾತು ಎರಡೂ ಒಂದೇ ಹೊತ್ತಿಗೆ ಬಂದರೆ ಮೊದಲನೆಯದು ಎರಡನೆಯದನ್ನು ತಿಂದುಹಾಕುತ್ತದೆ. ಫೀ ಕಟ್ಟುವುದಕ್ಕೆ ಕೊನೇ ದಿನ ಇರುತ್ತದೆ, "ಇವತ್ತು ಶಾಲೆಯಲ್ಲಿ ಏನಾತು" ಅನ್ನುವುದಕ್ಕೆ ಇರುವುದಿಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡಿ. ವಾರಕ್ಕೊಮ್ಮೆ ಅರ್ಧ ತಾಸು ಮನೆವಾರ್ತೆಗೆ ಇಡಿ. ಆ ವಾರದ ಖರ್ಚು, ಮಕ್ಕಳನ್ನು ಯಾರು ಕರೆತರುವುದು, ಯಾರ ಮನೆಯ ಮದುವೆಗೆ ಯಾರು ಹೋಗುವುದು, ಎಲ್ಲ ಅಲ್ಲೇ ಮುಗಿಯಲಿ. ಉಳಿದ ದಿನ ನೆನಪಾದದ್ದನ್ನು ಅಡುಗೆಮನೆ ಗೋಡೆಯ ಹಾಳೆಯಲ್ಲಿ ಗೀಚಿಡಿ, ಆ ಕ್ಷಣಕ್ಕೇ ಬಾಯಿಬಿಡಬೇಡಿ.

ಇನ್ನು ದಿನದ ಮಾತು. ಇಪ್ಪತ್ತು ನಿಮಿಷ ಸಾಕು, ಆದರೆ ಹೊತ್ತು ಗೊತ್ತಿರಬೇಕು. ನಿಮ್ಮದು ಪಾಳಿ ಕೆಲಸವಾದ್ದರಿಂದ "ರಾತ್ರಿ ಊಟ ಆದ ಮೇಲೆ" ಎಂಬ ನಿಯಮ ಮೂರು ವಾರದಲ್ಲಿ ಒಂದು ವಾರ ಮುರಿದೇ ಮುರಿಯುತ್ತದೆ. ಪಾಳಿಪಟ್ಟಿ ಕೈಗೆ ಬಂದ ದಿನವೇ ಇಬ್ಬರೂ ಕುಳಿತು ಪ್ರತಿ ವಾರದ ಹೊತ್ತು ಗುರುತು ಮಾಡಿ. ಹಗಲು ಪಾಳಿ ಇದ್ದಾಗ ರಾತ್ರಿ, ರಾತ್ರಿ ಪಾಳಿ ಇದ್ದಾಗ ಅವರು ಶಾಲೆಯಿಂದ ಬಂದ ಮೇಲಿನ ಚಹಾದ ಹೊತ್ತು. ಆ ಇಪ್ಪತ್ತು ನಿಮಿಷ ಎರಡೂ ಫೋನು ಬೇರೆ ಕೋಣೆಯಲ್ಲಿರಲಿ. ಮಗ್ಗುಲಲ್ಲೇ ಬೋರಲು ಇಟ್ಟರೂ ಕಣ್ಣು ಅತ್ತಲೇ ಹೋಗುತ್ತದೆ.

ಅವರು ಸಹೋದ್ಯೋಗಿಯ ಮೇಲಿನ ಸಿಟ್ಟು ತೋಡಿಕೊಂಡರೆ ಗಂಡಸರು ಸಾಮಾನ್ಯವಾಗಿ ಉಪಾಯ ಹೇಳಲು ಶುರುಮಾಡುತ್ತಾರೆ. ಅಲ್ಲೇ ಮಾತು ಸಾಯುತ್ತದೆ. ಮೊದಲು "ಆಮೇಲೆ ಏನಾತು?" ಅನ್ನಿ, ಮತ್ತೆ ಕೇಳಿ. ಉಪಾಯ ಬೇಕಾದರೆ ಅವರೇ ಕೇಳುತ್ತಾರೆ. ಇನ್ನೊಂದು ಮಾತು: ಬಾಗಿಲು ದಾಟಿ ಒಳಗೆ ಬಂದ ಮೊದಲ ಹತ್ತು ನಿಮಿಷ ಯಾರೂ ಯಾವ ದೂರೂ ಹೇಳಬಾರದು. ಬಸ್ಸಿನಲ್ಲಿ ನಿಂತು ಬಂದವರಿಗೆ ಚೀಲ ಕೆಳಗಿಟ್ಟು ನೀರು ಕುಡಿಯುವಷ್ಟಾದರೂ ಬಿಡುವು ಬೇಕು.

ಪ್ರಶ್ನೆ: ಬ್ಯಾಡಗಿ ತಾಲ್ಲೂಕಿನ ಹಳ್ಳಿ, ಏಳು ಜನರ ಕೂಡುಕುಟುಂಬ. ನನಗೆ 31, ಮದುವೆಯಾಗಿ ಎರಡು ವರ್ಷ. ಅವ್ವ "ಆಕಿಗೆ ಮನಿ ಖಬರಿಲ್ಲ" ಅಂತಾಳ, ಹೆಂಡತಿ "ಅತ್ತಿ ಎಲ್ಲಾರ ಮುಂದ ನನ್ನ ಅಂತಾರ" ಅಂತ ಅಳ್ತಾಳ. ನಾ ಯಾರ ಪರವೂ ಮಾತಾಡೋದಿಲ್ಲ, ಸುಮ್ಮನಿರ್ತೀನಿ. ಆದರೂ ಇಬ್ಬರಿಗೂ ನನ್ನ ಮೇಲೇ ಸಿಟ್ಟು.

ಸುಮ್ಮನಿರುವುದನ್ನು ನೀವು ನ್ಯಾಯ ಅಂದುಕೊಂಡಿದ್ದೀರಿ. ಆದರೆ ಮನೆಗೆ ಹೊಸದಾಗಿ ಬಂದವಳ ಕಣ್ಣಿಗೆ ಅದು ಹಳಬರ ಪರ ನಿಂತಂತೆಯೇ ಕಾಣುತ್ತದೆ. ತಾಯಿಯ ಜೊತೆ ನಿಮ್ಮದು 31 ವರ್ಷದ ಸಲುಗೆ, ಹೆಂಡತಿಗೆ ಆ ಮನೆಯಲ್ಲಿ ತನ್ನವರು ಅಂತ ಇರುವುದು ನೀವೊಬ್ಬರೇ. ಅದಕ್ಕೇ ಈ ಪತ್ರಕ್ಕೆ ಉಳಿದವಕ್ಕಿಂತ ಉದ್ದ ಉತ್ತರ.

ಮೊದಲು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದನ್ನು ಇವತ್ತೇ ನಿಲ್ಲಿಸಿ. ತಾಯಿ ದೂರು ಹೇಳಿದರೆ "ಅವ್ವಾ, ಇದನ್ನ ಆಕಿಗೇ ಹೇಳು, ನಾ ಬಾಜೂಕ ಕುಂದರ್ತೀನಿ" ಅನ್ನಿ. ಅರ್ಧದಷ್ಟು ದೂರು ಅಲ್ಲೇ ಉದುರುತ್ತವೆ, ಏಕೆಂದರೆ ಎದುರಿಗೆ ಹೇಳುವಷ್ಟು ದೊಡ್ಡವಾಗಿರುವುದಿಲ್ಲ. ಉಳಿದವು ನಿಜವಾದ ತಕರಾರು, ಅವನ್ನು ಕುಳಿತು ಬಗೆಹರಿಸಬೇಕು.

ಬಗೆಹರಿಸುವ ಮುನ್ನ ಕೆಲಸದ ಭಾರ ಅಳೆಯಿರಿ. "ಮನಿ ಖಬರಿಲ್ಲ" ಎಂಬ ಮಾತಿನ ಅಡಿಯಲ್ಲಿ ಹೆಚ್ಚಾಗಿ ಇರುವುದು ಕೆಲಸದ ಹಂಚಿಕೆಯೇ. ಬರೀ ರೊಟ್ಟಿಯ ಲೆಕ್ಕ ತೆಗೆಯಿರಿ. ಏಳು ಜನಕ್ಕೆ ಹೊತ್ತಿಗೆ ತಲಾ ಎರಡೂವರೆಯಂತೆ ಹಿಡಿದರೂ ಎರಡು ಹೊತ್ತಿಗೆ 35 ರೊಟ್ಟಿ. ಹಿಟ್ಟು ನಾದಿ, ಬಡಿದು, ನೀರು ಸವರಿ, ಎರಡೂ ಬದಿ ಬೇಯಿಸಲು ಒಂದಕ್ಕೆ ಎರಡೂವರೆ ನಿಮಿಷ ಅಂದರೂ ಹತ್ತಿರ ಹತ್ತಿರ ಒಂದೂವರೆ ತಾಸು ಒಲೆಯ ಮುಂದೆ. ಅದಕ್ಕೆ ಪಲ್ಯ, ಸಾರು, ಮುಸುರೆ, ದನದ ಕೆಲಸ ಸೇರಿಸಿ. ಇಬ್ಬರು ಹೆಂಗಸರೂ ದಣಿದಿರುತ್ತಾರೆ. ದಣಿದವರು ಎದುರಿಗೆ ಸಿಕ್ಕವರ ಮೇಲೆ ಹರಿಹಾಯುತ್ತಾರೆ. ಆದ್ದರಿಂದ ರೊಟ್ಟಿಯನ್ನು ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು ಎಂದು ಹಂಚಿ. ವಾರಕ್ಕೆರಡು ದಿನ ಕಡಕ್ ರೊಟ್ಟಿ ಮಾಡಿಟ್ಟುಕೊಳ್ಳಿ, ಅವು ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಮನೆಯ ಗಂಡಸರು ನೀರು ತುಂಬುವುದು, ತಮ್ಮ ತಾಟು ತಾವು ತೊಳೆಯುವುದು ಶುರುಮಾಡಲಿ. ನೀವು ಮೊದಲು ಮಾಡಿ ತೋರಿಸಿದರೆ ಉಳಿದವರೂ ಮಾಡುತ್ತಾರೆ. ಸೊಸೆ ಬಾಯಿಂದ ಆ ಮಾತು ಬಂದರೆ ಮಾತ್ರ ಕೆಲಸ ಕೆಟ್ಟಿತು.

ಎರಡನೆಯದು, ನಿರ್ಧಾರ ಕೋಣೆಯಲ್ಲಿ ಇಬ್ಬರೂ ಸೇರಿ ಮಾಡಿ, ಆದರೆ ಪಡಸಾಲೆಯಲ್ಲಿ ಹೇಳುವವರು ನೀವಾಗಿರಿ, ಅದೂ ನಿಮ್ಮ ಹೆಸರಿನಲ್ಲೇ. "ಆಕಿ ಜಾತ್ರಿಗೆ ಬರಾಂಗಿಲ್ಲಂತ" ಎಂಬ ಮಾತು ನಿಮ್ಮ ಬಾಯಿಂದ ಬಂತೆಂದರೆ ಆರು ತಿಂಗಳ ಕಹಿಗೆ ಅದೊಂದೇ ಸಾಕು. "ಈ ಸಲ ನಾವು ಜಾತ್ರಿಗೆ ಬರಾಂಗಿಲ್ಲ ಅಂತ ಮಾಡೀನಿ" ಅನ್ನಿ. ಮಗ ಹೇಳಿದ್ದನ್ನು ತಾಯಿ ಒಂದು ದಿನ ಸಿಟ್ಟಾಗಿ ಮರೆಯುತ್ತಾಳೆ, ಸೊಸೆ ಹೇಳಿದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. ಇದು ಎರಡೂ ಕಡೆಗೆ ಸಲ್ಲುತ್ತದೆ: ನಿಮ್ಮ ಬೀಗರಿಗೆ ಹೇಳಬೇಕಾದ ಕಟು ಮಾತನ್ನು ಹೆಂಡತಿಯೇ ಹೇಳಬೇಕು, ನೀವು ಫೋನ್ ಮಾಡಬಾರದು.

ಎಲ್ಲರ ಮುಂದೆ ತಾಯಿ ಗದರಿದರೆ ಅಲ್ಲೇ ವಾದಕ್ಕಿಳಿಯಬೇಡಿ, ಸುಮ್ಮನೂ ಇರಬೇಡಿ. "ಅವ್ವಾ, ಇದನ್ನ ಒಳಗ ಮಾತಾಡೂಣು" ಎಂಬ ಒಂದೇ ಮಾತು, ಮೆಲುದನಿಯಲ್ಲಿ. ಆ ಒಂದು ವಾಕ್ಯಕ್ಕೆ ನಿಮ್ಮ ಹೆಂಡತಿ ಎಷ್ಟು ದಿನದಿಂದ ಕಾದಿದ್ದಾರೋ.

ತಾಯಿಯ ಭಯವನ್ನೂ ಅರಿಯಿರಿ. ಮನೆಯ ಯಜಮಾನಿಕೆ ಕೈಜಾರುತ್ತಿದೆ ಅನ್ನುವುದು ಅವರ ನೋವು. ಹಬ್ಬದ ಅಡುಗೆ ಏನು, ಬೀಗರಿಗೆ ಏನು ಕೊಡಬೇಕು, ಉಪ್ಪಿನಕಾಯಿ-ಖಾರದಪುಡಿ ಎಷ್ಟು ಮಾಡಬೇಕು, ಇವು ಅವರ ಮಾತಿನಂತೆಯೇ ನಡೆಯಲಿ. ದಿನಕ್ಕೆ ಕಾಲು ತಾಸು ಅವರೊಬ್ಬರ ಜೊತೆ ಕುಳಿತುಕೊಳ್ಳಿ, ಹೆಂಡತಿಯ ವಿಷಯ ಎತ್ತದೆ. ಹೆಂಡತಿಯ ಅಡುಗೆಯನ್ನು ಹೊಗಳುವಾಗ "ಅವ್ವನಕಿಂತ ಛಲೋ" ಅನ್ನಬೇಡಿ, ಆ ಹೋಲಿಕೆಯ ಬೆಲೆ ಮರುದಿನ ಆಕೆ ತೆರಬೇಕಾಗುತ್ತದೆ.

ಮೊದಲ ಮೂರ್ನಾಲ್ಕು ವಾರ ಎಲ್ಲ ಹದಗೆಟ್ಟಂತೆ ಕಾಣುತ್ತದೆ, "ಮಗ ಬದಲಾದ" ಎಂಬ ಮಾತೂ ಬರುತ್ತದೆ. ಹೆಚ್ಚಿನವರು ಅಲ್ಲಿಯೇ ಹೆದರಿ ಹಳೆಯ ದಾರಿಗೆ ತಿರುಗುತ್ತಾರೆ. ತಿರುಗಬೇಡಿ.

ಪ್ರಶ್ನೆ: ರೋಣದ ಹತ್ತಿರ ಆರು ಎಕರೆ ಎರೆಹೊಲ. ಉಳ್ಳಾಗಡ್ಡಿ ಮಾರಿದ ರೊಕ್ಕದಲ್ಲಿ ಯಜಮಾನರು ತಮ್ಮನಿಗೆ 40,000 ಕೊಟ್ಟರು. ನನಗೆ ಗೊತ್ತಾಗಿದ್ದು ನೆಗೆಣ್ಣಿಯ ಬಾಯಿಂದ. ಕೇಳಿದರೆ "ನನ್ನ ತಮ್ಮಗ ಕೊಟ್ರ ನಿನಗೇನ?" ಅಂತಾರೆ.

ನಿಮಗೆ ನೋವಾದದ್ದು 40,000ಕ್ಕಲ್ಲ, ನೆಗೆಣ್ಣಿಯ ಬಾಯಿಂದ ಕೇಳಬೇಕಾಗಿ ಬಂದದ್ದಕ್ಕೆ. ಹೀಗೆಂದು ಅವರಿಗೆ ಹೇಳಿದ್ದೀರಾ? "ತಮ್ಮಗ ಯಾಕ ಕೊಟ್ರಿ" ಅಂದರೆ ಅವರು ರಕ್ತಸಂಬಂಧದ ಪರ ನಿಲ್ಲುತ್ತಾರೆ. "ನನಗ ಮೊದಲ ಹೇಳಿದ್ರ ನಾನೂ ಕೊಡ್ರಿ ಅಂತಿದ್ದೆ" ಅಂದರೆ ಮಾತು ಸರಿಯಾದ ಜಾಗಕ್ಕೆ ಬರುತ್ತದೆ.

ಸಂಬಳದವರ ಮನೆಯಲ್ಲಿ ರೊಕ್ಕ ತಿಂಗಳಿಗೊಮ್ಮೆ ಬರುತ್ತದೆ, ಒಂದು ತಿಂಗಳ ತಪ್ಪು ಮರುತಿಂಗಳು ತಿದ್ದಬಹುದು. ನಿಮ್ಮ ಕಡೆ ಹೆಸರುಕಾಳಿನ ರೊಕ್ಕ ಒಮ್ಮೆ, ಉಳ್ಳಾಗಡ್ಡಿಯದು ಒಮ್ಮೆ, ಹಿಂಗಾರಿನ ಕಡಲೆ-ಜೋಳದ್ದು ಒಮ್ಮೆ, ಹೀಗೆ ಗಂಟಾಗಿ ಬರುತ್ತದೆ. ಗಂಟು ಕೈಯಲ್ಲಿದ್ದ ದಿನ ಸಾಹುಕಾರರಂತೆ ಅನಿಸುತ್ತದೆ. ಸಂಬಂಧಿಕರು ಕೇಳುವುದೂ ಆ ದಿನವೇ. ಆದ್ದರಿಂದ ರೊಕ್ಕ ಬಂದ ದಿನ ಸಂಜೆಯೇ ಇಬ್ಬರೂ ಕುಳಿತು ಹಂಚಬೇಕು. 1,20,000 ಬಂತು ಅನ್ನಿ. ಮುಂದಿನ ಬೀಜ-ಗೊಬ್ಬರ-ಆಳಿಗೆ 35,000, ಸೊಸೈಟಿ ಮತ್ತು ಸಂಘದ ಕಂತಿಗೆ 30,000, ತಿಂಗಳಿಗೆ 5,000ದಂತೆ ಆರು ತಿಂಗಳ ಮನೆಖರ್ಚು 30,000, ದವಾಖಾನೆಗೆ ಮುಟ್ಟದೆ ಇಡಲು 10,000. ಉಳಿದದ್ದು 15,000. ತಮ್ಮನಿಗೆ ಕೊಡುವ ಸಹಾಯ ಈ 15,000ದ ಒಳಗಿಂದ. ಅಂಕಿ ನಿಮ್ಮ ಮನೆಯಂತೆ ಬದಲಾಗಲಿ, ಕ್ರಮ ಬದಲಾಗಬಾರದು. 40,000 ಕೊಟ್ಟರೆ ಉಳಿದ 25,000 ಬೀಜದ ರೊಕ್ಕದಿಂದಲೋ ದವಾಖಾನೆ ರೊಕ್ಕದಿಂದಲೋ ಹೋಗಿದೆ ಎಂಬುದು ಕಾಗದದ ಮೇಲೆ ಬರೆದಾಗ ಅವರಿಗೂ ಕಾಣುತ್ತದೆ, ಜಗಳ ಬೇಕಾಗುವುದಿಲ್ಲ.

ಒಂದು ಮಿತಿ ಇಟ್ಟುಕೊಳ್ಳಿ: 2,000 ಒಳಗೆ ಯಾರೂ ಯಾರನ್ನೂ ಕೇಳಬೇಕಿಲ್ಲ, ಮೇಲಿನದಕ್ಕೆ ಇಬ್ಬರ ಒಪ್ಪಿಗೆ, ದೊಡ್ಡ ಮೊತ್ತವಾದರೆ ಒಂದು ರಾತ್ರಿ ಕಳೆದ ಮೇಲೆ ಉತ್ತರ. ಇದೇ ನಿಯಮ ನಿಮ್ಮ ತವರಿಗೂ ಸಲ್ಲಬೇಕು. ಕೊಡುವ ಮುನ್ನವೇ ಅದು ಕೈಗಡವೋ ದಾನವೋ ಮಾತಾಗಲಿ. ಕೈಗಡ ಅಂದುಕೊಂಡು ಕೊಟ್ಟು ದಾನವಾದದ್ದು ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮುಳ್ಳಾಗಿ ಉಳಿಯುತ್ತದೆ.

ಗೃಹಲಕ್ಷ್ಮಿಯ ತಿಂಗಳ 2,000 ನಿಮ್ಮ ಖಾತೆಯದು, ಅದನ್ನು ಏನು ಮಾಡುವುದೆಂದು ನೀವೇ ನಿರ್ಧರಿಸಿ, ಆದರೆ ಗುಟ್ಟು ಮಾಡಬೇಡಿ. ಮೈದುನನಿಗಾಗಿ ನಿಮ್ಮ ಹೆಸರಲ್ಲಿ ಸ್ತ್ರೀಶಕ್ತಿ ಸಂಘದ ಸಾಲ ಮಾತ್ರ ಎತ್ತಬೇಡಿ. ಕಂತು ತಪ್ಪಿದರೆ ವಾರದ ಸಭೆಯಲ್ಲಿ ತಲೆತಗ್ಗಿಸಿ ಕೂರುವವರು ನೀವು, ನಿಮ್ಮ ಜೊತೆ ಸಂಘದ ಉಳಿದ ಹೆಂಗಸರೂ ತೊಂದರೆಗೆ ಸಿಗುತ್ತಾರೆ.

ಪ್ರಶ್ನೆ: "ಕಾನೂನು ಬಂದೈತಿ, ತವರಿನ ಆಸ್ತಿಯೊಳಗ ಪಾಲು ಕೇಳು" ಅಂತ ಗಂಡ ಹಟ ಹಿಡಿದಿದ್ದಾರೆ. ಅಣ್ಣ ಬೇರೆ "ಸಹಿ ಮಾಡಿ ಬಿಟ್ಟುಕೊಡು" ಅಂತಾನೆ. (ಹಾನಗಲ್ಲ)

ಹಕ್ಕು ನಿಮ್ಮದು. ಅದನ್ನು ಕೇಳುವುದೂ ಬಿಡುವುದೂ ನಿಮ್ಮ ಇಚ್ಛೆ, ಗಂಡನದ್ದಲ್ಲ, ಅಣ್ಣನದ್ದೂ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿ ಹೋಗಿದ್ದರೆ ಅದನ್ನು ಮತ್ತೆ ಎಬ್ಬಿಸಲಾಗದು. ತಂದೆ ಸ್ವಂತ ದುಡಿದು ಗಳಿಸಿದ ಆಸ್ತಿಯನ್ನು ಮೃತ್ಯುಪತ್ರ ಬರೆದು ಯಾರಿಗೆ ಬೇಕಾದರೂ ಕೊಡಬಹುದು.

ಹಕ್ಕುಬಿಡುಗಡೆ ಪತ್ರಕ್ಕೆ ಹಬ್ಬಕ್ಕೆ ಹೋದಾಗ ಅವಸರದಲ್ಲಿ ಸಹಿ ಹಾಕಬೇಡಿ. ಪ್ರತಿ ತಂದು, ಓದಿಸಿಕೊಂಡು ಆಮೇಲೆ ತೀರ್ಮಾನಿಸಿ. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರ ಸಲಹೆ ಸಿಗುತ್ತದೆ, ಸಹಾಯವಾಣಿ 15100. ಗಂಡನಿಗೆ ಒಂದೇ ಮಾತು ಹೇಳಿ: "ಇದು ನನ್ನ ಮತ್ತು ನನ್ನ ಅಣ್ಣನ ನಡುವಿನ ಮಾತು, ತೀರ್ಮಾನ ಆದ ದಿನ ನಿಮಗ ಹೇಳ್ತೀನಿ." ಇದಕ್ಕಾಗಿ ಅವರು ಹಿಂಸೆಗಿಳಿದರೆ ಅದು ವರದಕ್ಷಿಣೆ ಕಿರುಕುಳದ ಹಾದಿ ಹಿಡಿದಂತೆ, ಆಗ ಕೆಳಗೆ ಶಿಗ್ಗಾಂವಿಯವರಿಗೆ ಹೇಳಿದ್ದು ನಿಮಗೂ ಸಲ್ಲುತ್ತದೆ.

ಪ್ರಶ್ನೆ: ಸಣ್ಣ ಮಾತಿಗೆ ಜಗಳ ಶುರುವಾಗಿ ಹತ್ತು ವರ್ಷದ ಹಿಂದಿನದೆಲ್ಲ ಹೊರಗೆ ಬರುತ್ತದೆ. ಬಿಟ್ಟು ಹೊರಗೆ ಹೋದರೆ ಆಕೆಗೆ ಇನ್ನೂ ಸಿಟ್ಟು. (ರಾಣೆಬೆನ್ನೂರು)

ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿತೆಂದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ದಂಪತಿಗಳ ಮಾತುಕತೆಯನ್ನು ದಶಕಗಟ್ಟಲೆ ಅಭ್ಯಸಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಕಂಡುಕೊಂಡದ್ದು ಇದು. ಮೈ ತಣಿಯಲು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಎದ್ದು ಹೋಗುವುದು ತಪ್ಪಲ್ಲ, ಹೇಳದೆ ಹೋಗುವುದು ತಪ್ಪು. "ನನಗೀಗ ತಲಿ ಬಿಸಿ ಆಗೇತಿ, ಒಂಬತ್ತಕ್ಕ ಮತ್ತ ಕುಂದ್ರೂಣು" ಎಂದು ಗಡಿಯಾರದ ಹೊತ್ತು ಹೇಳಿ ಹೋಗಿ, ಆ ಹೊತ್ತಿಗೆ ನೀವೇ ಬಂದು ಕೂರಿ. ಎರಡು ಸಲ ಹೇಳಿದಂತೆ ಬಂದರೆ ಮೂರನೇ ಸಲ ಆಕೆ ತಡೆಯುವುದಿಲ್ಲ. ಹೊರಗಿದ್ದಾಗ ಮುಂದಿನ ವಾದ ಮನಸ್ಸಿನಲ್ಲೇ ಹೆಣೆಯುತ್ತ ಕೂತರೆ ಮೈ ತಣಿಯುವುದಿಲ್ಲ. ಅಂಗಡಿಗೆ ಹೋಗಿ ಏನಾದರೂ ತನ್ನಿ, ಬಟ್ಟೆ ಮಡಚಿ. ವಾಟ್ಸಾಪಿನಲ್ಲಿ ಜಗಳ ಮುಂದುವರಿಸಬೇಡಿ. ದನಿ ಕೇಳದ ಮಾತು ಇದ್ದದ್ದಕ್ಕಿಂತ ಬಿರುಸಾಗಿ ಓದಿಸಿಕೊಳ್ಳುತ್ತದೆ, ಆಮೇಲೆ ಸಾಕ್ಷಿಯಾಗಿಯೂ ಉಳಿಯುತ್ತದೆ.

ಶುರು ಹೇಗೆ ಆಯಿತೋ ಜಗಳ ಹೆಚ್ಚಾಗಿ ಹಾಗೇ ಮುಗಿಯುತ್ತದೆ. "ನೀ ಯಾವಾಗ್ಲೂ ತಡಾ ಮಾಡ್ತಿ" ಅಂದರೆ ಆಕೆ ತಡ ಮಾಡದ ದಿನಗಳ ಪಟ್ಟಿ ತೆಗೆಯುತ್ತಾಳೆ, ಅಲ್ಲಿಂದ ಹತ್ತು ವರ್ಷದ ಹಿಂದಕ್ಕೆ ದಾರಿ. "ಇವತ್ತ ಬಸ್ ತಪ್ಪಿತು, ನನಗ ಬ್ಯಾಸರಾತು, ನಾಳಿ ಏಳಕ್ಕ ಹೊರಡೂಣು" ಅನ್ನಿ. ಒಂದು ಘಟನೆ, ನಿಮಗೆ ಆದದ್ದು, ಬೇಕಾದದ್ದು, ಅಷ್ಟೇ.

ಪ್ರಶ್ನೆ: ಕುಡಿದಾಗ ಮಾತ್ರ ಕೈಮಾಡುತ್ತಾರೆ, ಬೆಳಿಗ್ಗೆ ಕಾಲು ಹಿಡಿಯುತ್ತಾರೆ. ಹೊಂದಿಕೊಂಡು ಹೋಗು ಅಂತ ಎರಡೂ ಮನೆಯವರು ಅಂತಾರೆ. (ಶಿಗ್ಗಾಂವಿ)

ಇದು ಹೊಂದಾಣಿಕೆಯ ವಿಷಯವಲ್ಲ ತಾಯಿ. ಇಪ್ಪತ್ತು ನಿಮಿಷದ ಮಾತು, ರೊಕ್ಕದ ಹಾಳೆ, ಈ ಪುಟದ ಯಾವ ಸಲಹೆಯೂ ಹೊಡೆತ ಇರುವ ಮನೆಯಲ್ಲಿ ನಡೆಯುವುದಿಲ್ಲ. ಕುಡಿತ ಹೊಡೆಯಲು ನೆವ ಆಗಬಹುದು, ಕ್ಷಮೆ ಆಗದು.

ಹೊಡೆತ ನಡೆಯುತ್ತಿರುವಾಗ 112. ಸಲಹೆ, ಆಶ್ರಯಕ್ಕೆ ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಈ ಕಾಯ್ದೆಯಿಂದ ನಿಮಗಿದೆ. ಗಾಯವಾದಾಗ ಸರಕಾರಿ ದವಾಖಾನೆಗೆ ಹೋಗಿ, ಹೇಗಾಯಿತೆಂದು ಇದ್ದದ್ದನ್ನೇ ಬರೆಸಿ. ಆಧಾರ್, ಬ್ಯಾಂಕ್ ಪುಸ್ತಕ, ಮಕ್ಕಳ ದಾಖಲೆ, ಸ್ವಲ್ಪ ರೊಕ್ಕ ಒಂದು ಚೀಲದಲ್ಲಿ ನಂಬಿಕಸ್ಥರ ಮನೆಯಲ್ಲಿ ಇಡಿ.

ಅವರು ನಿಜಕ್ಕೂ ಬಿಡುತ್ತೇನೆ ಅಂದರೆ ಧಾರವಾಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಫೋನಿನಲ್ಲೇ ಕೇಳಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ದಿನಾ ಹೆಚ್ಚು ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು-ಮೂರು ದಿನದಲ್ಲಿ ನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಆಣೆ-ಪ್ರಮಾಣ ಮಾಡಿಸಿ ಬಿಡಿಸಲು ಹೋಗಿ ಕೆಡುವುದು ಇಲ್ಲಿಯೇ. ವೈದ್ಯರ ಕಣ್ಣೆದುರು ಬಿಡಲಿ. ಅವರ ಚಿಕಿತ್ಸೆ ಮುಗಿಯುವವರೆಗೆ ನೀವೂ ಮಕ್ಕಳೂ ಸುರಕ್ಷಿತ ಜಾಗದಲ್ಲಿರಿ.

ಪ್ರಶ್ನೆ: ಪಂಚಮಿಗೆ ತವರಿಗೆ ಹೋದರೆ ಹದಿನೈದು ದಿನ ಇರಬೇಕು ನನಗೆ, ಎರಡೇ ದಿನಕ್ಕೆ ಬಾ ಅಂತಾರೆ ಇವರು. (ಬೆಟಗೇರಿ)

ದಿನದ ಸಂಖ್ಯೆಗೆ ಜಗ್ಗಾಡುವ ಮುನ್ನ, ನೀವಿಲ್ಲದಾಗ ಅವರಿಗೆ ಏನು ನಿಲ್ಲುತ್ತದೆ ಎಂದು ಕೇಳಿ. ಹೆಚ್ಚಿನ ಸಲ ಅದು ಊಟದ ಡಬ್ಬಿ ಅಥವಾ ವಯಸ್ಸಾದವರ ಔಷಧ. ಅದಕ್ಕೆ ವ್ಯವಸ್ಥೆಯಾದರೆ ಎಂಟು ದಿನಕ್ಕೆ ಒಪ್ಪಿಗೆ ಸಿಗುತ್ತದೆ. ಕರೆಯಲು ಅಣ್ಣ ಬರುವ ದಿನ ಬೇಡ, ಆಷಾಢದಲ್ಲೇ ಈ ಮಾತು ಮುಗಿಸಿ. ತಿರುಗಿ ಬರುವಾಗ ಕರೆದೊಯ್ಯಲು ಅವರೇ ಬರಲಿ, ಒಂದು ರಾತ್ರಿ ಅಲ್ಲಿ ಉಳಿದು ಉಂಡಿ ತಿಂದು ಬರಲಿ.

ಪ್ರಶ್ನೆ: ಯಜಮಾನರು ನಿವೃತ್ತರಾಗಿ ಎಂಟು ತಿಂಗಳು. ದಿನವಿಡೀ ಅಡುಗೆಮನೆಯಲ್ಲಿ ನಿಂತು ಗ್ಯಾಸ್ ಸಣ್ಣ ಮಾಡು, ಡಬ್ಬಿ ಇಲ್ಲಿಡು ಅಂತಾರೆ. 35 ವರ್ಷದಲ್ಲಿ ಇಲ್ಲದ ಜಗಳ ಈಗ. (ಧಾರವಾಡ)

ಕಚೇರಿಯಲ್ಲಿ ಅವರ ಮಾತಿಗೆ ಒಂದು ಜಾಗವಿತ್ತು, ಈಗ ಆ ಜಾಗ ಹುಡುಕುತ್ತಿದ್ದಾರೆ. ಅಡುಗೆಮನೆಯಿಂದ ಹೊರಗೆ ಕಳಿಸಿದರೆ ನೋಯುತ್ತಾರೆ. ಅದರಲ್ಲೇ ಒಂದು ಪಾಲು ಪೂರ್ತಿ ಬಿಟ್ಟುಕೊಡಿ: ವಾರಕ್ಕೆರಡು ದಿನ ಬೆಳಗಿನ ನಾಷ್ಟಾ, ಸಂತೆಯ ತರಕಾರಿ, ಔಷಧದ ಲೆಕ್ಕ. ಕೊಟ್ಟ ಮೇಲೆ ನೀವು ಬಾಯಿ ಹಾಕಬೇಡಿ, ಉಪ್ಪಿಟ್ಟು ಗಂಟಾದರೂ ಸರಿ. ಉಳಿದ ದಿನ ಅವರೂ ಬಾಯಿ ಹಾಕಬಾರದು, ಇದು ಒಪ್ಪಂದ.

ಜೊತೆಗೆ ದಿನಕ್ಕೆ ಮೂರು ತಾಸಾದರೂ ಇಬ್ಬರೂ ಬೇರೆ ಬೇರೆ ಕಡೆ ಇರಬೇಕು. ಅವರಿಗೆ ಗ್ರಂಥಾಲಯ, ಪಿಂಚಣಿದಾರರ ಸಂಘ, ಗೆಳೆಯರು. ನಿಮಗೆ ಭಜನಾ ಮಂಡಳಿಯೋ ಅಕ್ಕನ ಮನೆಯೋ. ಸಂಜೆ ಮಾತ್ರ ಒಟ್ಟಿಗೆ, ಸಾಧನಕೇರಿಯ ಕಡೆಗೋ ಕೆಲಗೇರಿ ಕೆರೆಯ ಕಡೆಗೋ ಅರ್ಧ ತಾಸು ನಡಿಗೆ. ಮೊಣಕಾಲು ನೋವಿದ್ದವರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಹಾಕಬೇಕು, ಮುಂದೆ ಹೋಗಿ ನಿಂತು ಕಾಯಬಾರದು. ಎಂಟು ತಿಂಗಳಿಂದ ಬೆಳೆದ ಕಿರಿಕಿರಿ ಎಂಟು ದಿನಕ್ಕೆ ಹೋಗುವುದಿಲ್ಲ, ಹಬ್ಬದ ಹೊತ್ತಿಗೆ ಒಮ್ಮೆ ಕುಳಿತು ಯಾವುದು ನಡೆಯಿತು, ಯಾವುದು ಬೇಡ ಎಂದು ನೋಡಿ ಬದಲಿಸಿಕೊಳ್ಳಿ. ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ-ಊಟ ಕೆಟ್ಟು ಎರಡು ವಾರ ದಾಟಿದರೆ ಅದು ಬರೀ ಬೇಸರ ಅಲ್ಲದೆಯೂ ಇರಬಹುದು, ವೈದ್ಯರಿಗೆ ತೋರಿಸಿ.